ಮಗನ ಕೈಬರಹ ಎಲ್ಲಿ? ಒಂದು ಸಂಗೀತ ಮನೆತನದ ಪ್ರಕರಣ

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ತಂದೆ, ಮಲತಾಯಿ, ದೊಡ್ಡ ಮಗ, ಎರಡನೆಯವನು, ಮೂರನೆಯವನು, ಅಷ್ಟೇ. ಊರು, ಇಸವಿ, ದುಡ್ಡಿನ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ಪಾಶ್ಚಾತ್ಯ ಸಂಗೀತ ಕೇಳುವವರಿಗೆ ಸ್ವಲ್ಪ ಹೊತ್ತಿಗೇ ಗುಟ್ಟು ಗೊತ್ತಾಗಿಬಿಡುತ್ತದೆ. ಆಗಲಿ ಬಿಡಿ. ಹೆಸರು ಬಿಟ್ಟಿರುವುದಕ್ಕೆ ಬೇರೆ ಕಾರಣ ಇದೆ. ಆ ತಂದೆಯ ಹೆಸರು ಎತ್ತಿದ ಕೂಡಲೇ ಮಾತು ಸಂಗೀತದ ಕಡೆ ಹೊರಳುತ್ತದೆ. 'ಅಂಥವನ ಹೊಟ್ಟೆಯಲ್ಲಿ ಇಂಥ ಮಗ' ಅಂತ ಒಂದು ನಿಟ್ಟುಸಿರು ಬಿಟ್ಟು ಎಲ್ಲರೂ ಸುಮ್ಮನಾಗುತ್ತಾರೆ. ನಾನು ಹೇಳಬೇಕಾದ್ದು ಸಂಗೀತದ ವಿಷಯ ಅಲ್ಲ. ಮೂರನೇ ಮಗನ ಸಲುವಾಗಿ ಆ ತಂದೆ ಬರೆದ ಆರು ಪತ್ರಗಳ ವಿಷಯ.

1735ರಲ್ಲಿ ಎರಡು, 1736ರಲ್ಲಿ ಎರಡು, 1738ರಲ್ಲಿ ಎರಡು. ಆರೇ ಪತ್ರ ಅಂತ ಹಗುರ ಮಾಡಬೇಡಿ. ತಂದೆ ತೀರಿಕೊಂಡು ಎಷ್ಟೋ ವರ್ಷ ಆದಮೇಲೆ ಎರಡನೇ ಮಗ ನೆನಪು ಮಾಡಿಕೊಂಡಿದ್ದಾನೆ: ಅಪ್ಪನಿಗೆ ಕೆಲಸ ಎಷ್ಟಿತ್ತೆಂದರೆ, ಬರೆಯಲೇಬೇಕಾದ ಪತ್ರ ಬರೆಯುವುದಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಅಂಥ ಮನುಷ್ಯ ಒಬ್ಬ ಮಗನಿಗಾಗಿ ಮತ್ತೆ ಮತ್ತೆ ಮಸಿಕುಡಿಕೆ ತೆಗೆದ. ಪ್ರೀತಿ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹಾಗಿದ್ದೂ ಯಾಕೆ ಕೈ ತಪ್ಪಿತು ಅನ್ನುವುದೇ ಇಲ್ಲಿನ ಪ್ರಶ್ನೆ.

ಮನೆ

ಮೂರನೇ ಮಗ ಹುಟ್ಟಿದ್ದು 1715ರ ಮೇ ತಿಂಗಳಲ್ಲಿ, ಜರ್ಮನಿಯ ವೈಮಾರ್ ಊರಿನಲ್ಲಿ. ಅವನಿಗೆ ಎರಡು ವರ್ಷ ಇರುವಾಗ ಮನೆ ಕ್ಯೋಥೆನ್‌ಗೆ ಹೋಯಿತು. ಅಲ್ಲಿಯ ರಾಜಕುಮಾರನ ಆಸ್ಥಾನದಲ್ಲಿ ತಂದೆಗೆ ಸಂಗೀತದ ಹೊಣೆ. 1720ರ ಬೇಸಿಗೆಯಲ್ಲಿ ರಾಜಕುಮಾರ ಕಾರ್ಲ್ಸ್‌ಬಾಡ್‌ನ ಬಿಸಿನೀರಿನ ಬುಗ್ಗೆಗೆ ಹೊರಟ. ತಂದೆಯೂ ಜೊತೆಗೆ ಹೋದ. ವಾಪಸ್ ಬಂದು ಹೊಸಿಲು ದಾಟಿದಾಗಲೇ ಗೊತ್ತಾದದ್ದು, ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡು, ಮಣ್ಣೂ ಆಗಿದೆ ಅಂತ. ಬೀಳ್ಕೊಟ್ಟಾಗ ಗಟ್ಟಿಮುಟ್ಟಾಗಿದ್ದ ಹೆಂಗಸು. ಮೂರನೆಯವನಿಗೆ ಆಗ ಐದು ವರ್ಷ.

ಒಂದೂವರೆ ವರ್ಷ ಕಳೆಯುವುದರೊಳಗೆ ಮನೆಗೆ ಮಲತಾಯಿ ಬಂದಳು. ವಯಸ್ಸು 20. ಆಸ್ಥಾನದಲ್ಲಿ ಸಂಬಳಕ್ಕೆ ಹಾಡುತ್ತಿದ್ದವಳು. ಮನೆಯ ದೊಡ್ಡ ಮಗಳಿಗಿಂತ ಏಳೇ ವರ್ಷ ದೊಡ್ಡವಳು. 1723ರಲ್ಲಿ ಎಲ್ಲರೂ ಲೈಪ್‌ಸಿಗ್‌ಗೆ ಬಂದರು. ತಂದೆಗೆ ಅಲ್ಲಿಯ ಚರ್ಚುಗಳ ಸಂಗೀತದ ಉಸ್ತುವಾರಿ, ಜೊತೆಗೆ ಸೇಂಟ್ ಥಾಮಸ್ ಶಾಲೆಯಲ್ಲಿ ಹುಡುಗರಿಗೆ ಪಾಠ. ಮನೆ ಶಾಲೆಯ ಕಟ್ಟಡದಲ್ಲೇ. ಗೋಡೆಯಾಚೆ ಹಾಸ್ಟೆಲ್ ಹುಡುಗರು, ಗೋಡೆಯೀಚೆ ಸ್ವಂತ ಮಕ್ಕಳು, ಬಂದು ಹೋಗುವ ಶಿಷ್ಯರು, ನೆಂಟರು. ಎರಡನೇ ಮಗ ಆ ಮನೆಯನ್ನು ಪಾರಿವಾಳದ ಗೂಡಿಗೆ ಹೋಲಿಸಿದ್ದಾನೆ.

ಭಾನುವಾರ ಬಂತೆಂದರೆ ಚರ್ಚಿಗೆ ಸಂಗೀತ ಬೇಕು. ಬರೆದದ್ದನ್ನು ಹಾಡುವವರಿಗೆ, ನುಡಿಸುವವರಿಗೆ ಬೇರೆ ಬೇರೆಯಾಗಿ ನಕಲು ಮಾಡಬೇಕು. ಹೆಂಡತಿ, ಮಕ್ಕಳು, ಶಿಷ್ಯರು ಎಲ್ಲರೂ ಕೂತು ಗರಿಲೇಖನಿಯಲ್ಲಿ ಸ್ವರ ಬರೆಯುತ್ತಿದ್ದರು. ಬರೆದೂ ಬರೆದೂ ಹೆಂಡತಿಯ ಅಕ್ಷರ ಗಂಡನ ಅಕ್ಷರಕ್ಕೆ ಎಷ್ಟು ಹತ್ತಿರವಾಯಿತೆಂದರೆ, ಅವಳು ಮಾಡಿದ ಕೆಲವು ನಕಲುಗಳನ್ನು ಮುಂದಿನವರು ಬಹಳ ಕಾಲ ಅವನದೇ ಅಂದುಕೊಂಡಿದ್ದರು. ಈ ಒಂದು ವಿವರ ನೆನಪಿರಲಿ. ಯಾರ ಕೈ ಯಾವುದು ಅನ್ನುವ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

1730ರ ಅಕ್ಟೋಬರ್‌ನಲ್ಲಿ ತಂದೆ ತನ್ನ ಬಾಲ್ಯದ ಗೆಳೆಯನಿಗೆ ಒಂದು ಪತ್ರ ಬರೆದ. ಕೆಲಸ ಬೇಸರವಾಗಿದೆ, ನಿಮ್ಮ ಕಡೆ ಏನಾದರೂ ಇದೆಯಾ ಅಂತ ಕೇಳುವ ಪತ್ರ. ಅದರಲ್ಲಿ ಸಂಸಾರದ ಲೆಕ್ಕ ಪೂರ್ತಿ ಇದೆ. ವರ್ಷಕ್ಕೆ ಸುಮಾರು 700 ಥಾಲರ್ (ಆಗಿನ ಬೆಳ್ಳಿ ನಾಣ್ಯ) ಆದಾಯ. ಊರಿನಲ್ಲಿ ಸಾವು ಜಾಸ್ತಿಯಾದರೆ ಅಂತ್ಯಕ್ರಿಯೆಯ ಹಾಡಿನ ದಕ್ಷಿಣೆಯೂ ಜಾಸ್ತಿ. ಹೋದ ವರ್ಷ ಗಾಳಿ ಚೆನ್ನಾಗಿದ್ದದ್ದರಿಂದ 100 ಥಾಲರ್‌ಗೂ ಮೇಲೆ ಖೋತಾ ಆಯಿತು. ಮಕ್ಕಳೆಲ್ಲ ಹುಟ್ಟಾ ಸಂಗೀತಗಾರರು, ಮನೆಯವರೇ ಸೇರಿ ಒಂದು ಕಚೇರಿ ಮಾಡಬಹುದು. ಹೆಂಡತಿಯ ಕಂಠ ಶುದ್ಧ, ದೊಡ್ಡ ಮಗಳೂ ಪರವಾಗಿಲ್ಲ. ದೊಡ್ಡ ಮಗ ಕಾನೂನು ಓದುತ್ತಿದ್ದಾನೆ, ಇನ್ನಿಬ್ಬರು ಇನ್ನೂ ಶಾಲೆಯಲ್ಲಿ.

ಆ 'ಇನ್ನಿಬ್ಬರಲ್ಲಿ' ಒಬ್ಬ ನಮ್ಮ ಹುಡುಗ. ಅವನ ಬಗ್ಗೆ ಅಷ್ಟೇ, ಯಾವ ತರಗತಿ ಅನ್ನುವುದು.

ಸಾವಿನ ದಕ್ಷಿಣೆಯ ಲೆಕ್ಕ ಓದುವಾಗ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. 1726ರಿಂದ 1733ರವರೆಗೆ ಅದೇ ಮನೆಯಿಂದ ಏಳು ಪುಟ್ಟ ಶವಪೆಟ್ಟಿಗೆಗಳು ಹೊರಗೆ ಹೋದವು. ಕೆಲವು ಕೂಸುಗಳು ಒಂದು ದಿನವೋ ಮೂರು ದಿನವೋ ಬದುಕಿದವು. ಒಬ್ಬ ಹುಡುಗಿ ನಾಲ್ಕು ದಾಟಿ ಹೋದಳು. ಎರಡು ಮದುವೆಯಿಂದ ತಂದೆಗೆ 20 ಮಕ್ಕಳು. ದೊಡ್ಡವರಾಗಿ ಬೆಳೆದವರು ಹತ್ತು ಜನ. ಮೂರನೆಯವನು ಆ ಏಳು ಸಾವುಗಳನ್ನು ನೋಡಿದ್ದು ತನ್ನ 11ರಿಂದ 18ರ ವಯಸ್ಸಿನಲ್ಲಿ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ ಅಂತ ಕೇಳುತ್ತಾರೆ. ಇರಬಹುದು. ಎಲ್ಲರ ಮನೆಯಲ್ಲಿ ನಡೆದರೂ ನೋವು ಆ ಮನೆಯದೇ.

ಮೊದಲ ತೀರ್ಮಾನ

1735. ತಂದೆಗೆ 50 ತುಂಬಿದ ವರ್ಷ. ಆ ವರ್ಷ ಅವನು ಮನೆತನದ ವಂಶಾವಳಿ ಬರೆಸಲು ಶುರು ಮಾಡಿದ. ಹಿಟ್ಟಿನ ಗಿರಣಿಗೆ ಹೋದಾಗಲೂ ತಂತಿವಾದ್ಯ ಹಿಡಿದುಕೊಂಡು ಹೋಗುತ್ತಿದ್ದ ಮೂಲಪುರುಷನಿಂದ ಹಿಡಿದು ತನ್ನ ಗಂಡುಮಕ್ಕಳವರೆಗೆ 53 ಗಂಡಸರು. ಸಂಖ್ಯೆ ಹಾಕಿ, ಯಾರು ಎಲ್ಲಿ ಯಾವ ಕೆಲಸದಲ್ಲಿದ್ದರು ಅಂತ ಬರೆದ ಪಟ್ಟಿ. ಆ ಮನೆಯಲ್ಲಿ ಸಂಗೀತ ಅಂದರೆ ಕುಲಕಸುಬು. ಅಕ್ಕಸಾಲಿಯ ಮಗ ಅಕ್ಕಸಾಲಿ ಆದ ಹಾಗೆ.

ಅದೇ ವರ್ಷ ಮ್ಯೂಲ್‌ಹೌಸೆನ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಆರ್ಗನ್ ನುಡಿಸುವವನ ಜಾಗ ಖಾಲಿ ಬಿತ್ತು. ಆ ಊರಿನ ಇನ್ನೊಂದು ಚರ್ಚಿನಲ್ಲಿ ತಂದೆಯೇ 1707-08ರಲ್ಲಿ ಕೆಲಸ ಮಾಡಿದ್ದ. ಪರಿಚಯ ಇತ್ತು. ಮೇ ತಿಂಗಳಲ್ಲಿ ಎರಡು ಪತ್ರ ಹೋದವು. ಮಗ ಹೋಗಿ ನುಡಿಸಿ ತೋರಿಸಿದ, ಕೆಲಸ ಸಿಕ್ಕಿತು. ವಯಸ್ಸು 20.

ಇಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ. ಓದುವವರು ಸಾಮಾನ್ಯವಾಗಿ ಇದನ್ನು ದಾಟಿಕೊಂಡು ಹೋಗುತ್ತಾರೆ. ಅಣ್ಣಂದಿರಿಬ್ಬರೂ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ್ದರು. ದೊಡ್ಡವನು ಲೈಪ್‌ಸಿಗ್‌ನಲ್ಲೇ ಓದಿ, 1733ರಲ್ಲಿ ಡ್ರೆಸ್ಡೆನ್‌ಗೆ ಹೋದ. ಎರಡನೆಯವನು ಲೈಪ್‌ಸಿಗ್‌ನಲ್ಲಿ ಶುರು ಮಾಡಿ, 1734ರಲ್ಲಿ ಓಡರ್ ನದಿಯ ಫ್ರಾಂಕ್‌ಫರ್ಟ್‌ಗೆ ಹೋದ. ಅಲ್ಲಿ ಪಾಠ ಹೇಳಿ, ಕಚೇರಿ ನಡೆಸಿ ತನ್ನ ಖರ್ಚು ತಾನೇ ನೋಡಿಕೊಂಡ. ಮೂರನೆಯವನು ಮಾತ್ರ ಶಾಲೆಯಿಂದ ನೇರ ಸಂಬಳದ ಕೆಲಸಕ್ಕೆ. ಗೆಳೆಯರು, ಕಾಲೇಜು, ಸ್ವಲ್ಪ ಅಡ್ಡಾದಿಡ್ಡಿ ತಿರುಗಾಟ, ಇವುಗಳಿಗೆಲ್ಲ ಸಿಗುವ ಆ ನಾಲ್ಕಾರು ವರ್ಷ ಅವನಿಗೆ ಸಿಗಲಿಲ್ಲ.

ತಂದೆಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಅವನು ಹತ್ತು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವನು. ಅಣ್ಣನ ಮನೆಯಲ್ಲಿ ಬೆಳೆದವನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ, 18ಕ್ಕೆ ಆರ್ನ್‌ಸ್ಟಾಟ್‌ನಲ್ಲಿ ಆರ್ಗನ್ ಮುಂದೆ ಕೂತ. ತನಗೆ ಆದದ್ದು ಮಗನಿಗೂ ಆಗುತ್ತದೆ, ಅದೂ ಎರಡು ವರ್ಷ ತಡವಾಗಿ ಹೋಗುತ್ತಿದ್ದಾನೆ ಅಂತ ಅಂದುಕೊಂಡಿರಬೇಕು. ಇದು ನನ್ನ ಊಹೆ. ಅಪ್ಪಂದಿರು ಸಾಮಾನ್ಯವಾಗಿ ಹಾಗೇ ಲೆಕ್ಕ ಹಾಕುತ್ತಾರೆ.

ಎರಡನೇ ತೀರ್ಮಾನ: ಊರು ಬದಲಿಸುವುದು

ಮ್ಯೂಲ್‌ಹೌಸೆನ್‌ನಲ್ಲಿ ಸಾಲ ಆಯಿತು. ದುಡ್ಡು ಯಾವುದಕ್ಕೆ ಹೋಯಿತು ಅನ್ನುವುದು ನನಗೆ ಮುಖ್ಯ ಅಲ್ಲ. ಇಂಥ ಪ್ರಕರಣಗಳಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ, ಕುಡಿತವಾ, ಜೂಜಾ, ಹುಡುಗಿಯಾ ಅಂತ. ಉತ್ತರ ಸಿಕ್ಕರೂ ಮುಂದಿನ ದಾರಿ ತೋಚುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು, ಸಾಲ ಒಂದು ಹುಂಡಿಯ, ಅಂದರೆ ಇಷ್ಟು ಹಣ ಕೊಡಬೇಕು ಅಂತ ಬರೆದ ಸಾಲಪತ್ರದ, ರೂಪಕ್ಕೆ ಬಂದಿತ್ತು. ಕೈಗಡ ಆಗಿದ್ದರೆ ಬಾಯಿಮಾತಲ್ಲಿ ಮುಗಿಯುತ್ತಿತ್ತು, ಹುಂಡಿ ಹಾಗಲ್ಲ. ಆ ಹುಂಡಿಯೇ ಅವನು ಊರು ಬಿಡಲು ಕಾರಣ ಇರಬೇಕು ಅಂತ ತಂದೆ ಆಮೇಲೆ ಬರೆದಿದ್ದಾನೆ.

1736ರ ಅಕ್ಟೋಬರ್ ಕೊನೆ, ಮತ್ತೆ ನವೆಂಬರ್. ಈ ಸಲ ಪತ್ರ ಹೋದದ್ದು ಸಾಂಗರ್‌ಹೌಸೆನ್‌ಗೆ. ಅಲ್ಲಿ ತಂದೆಗೆ ಒಂದು ಹಳೇ ಲೆಕ್ಕ ಬಾಕಿ ಇತ್ತು. 1702ರಲ್ಲಿ, 17ನೇ ವಯಸ್ಸಿನಲ್ಲಿ, ಅದೇ ಊರಿನ ಅದೇ ಕೆಲಸಕ್ಕೆ ಅವನು ಆಯ್ಕೆಯಾಗಿದ್ದ. ಕೊನೇ ಗಳಿಗೆಯಲ್ಲಿ ಮೇಲಿನಿಂದ ಡ್ಯೂಕ್ ಬೇರೊಬ್ಬನನ್ನು ಕೂರಿಸಿದ. ಸುಮಾರು ಮೂವತ್ತು ವರ್ಷದ ಹಿಂದಿನ ಆ ಮಾತನ್ನು ತಂದೆ ಪತ್ರದಲ್ಲಿ ನೆನಪಿಸುತ್ತಾನೆ. ನನಗೆ ಸಿಗದ ಜಾಗ ನನ್ನ ಮಗನಿಗಾದರೂ ಸಿಗಲಿ ಅನ್ನುವ ಧಾಟಿ. ಸಿಕ್ಕಿತು. 1737ರ ಜನವರಿಯಲ್ಲಿ ಸೇಂಟ್ ಜೇಮ್ಸ್ ಚರ್ಚಿನ ಆರ್ಗನ್ ಅವನ ಪಾಲಾಯಿತು. ಮಗನಿಗೆ ವಸತಿಯೂ ಊಟವೂ ಪತ್ರ ಹೋದ ಗಣ್ಯರ ಮನೆಯಲ್ಲೇ.

ಈ ತಿರುವಿನ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಗನ ಮೊದಲ ಕೆಲಸ ತಂದೆ ದುಡಿದ ಊರಿನಲ್ಲಿ. ಎರಡನೇ ಕೆಲಸ ತಂದೆಗೆ ತಪ್ಪಿಹೋದ ಊರಿನಲ್ಲಿ. ಊರು ಬದಲಾಯಿತು, ಮನೆಯೊಡೆಯ ಬದಲಾದ. ಉಳಿದದ್ದೆಲ್ಲ ಹಾಗೇ. ಅದೇ ಕೆಲಸ, ಅದೇ ಒಂಟಿ ಬದುಕು, ಬೆನ್ನಿಗೆ ಅದೇ ಹೆಸರು. ಹಳೇ ಸಾಲವೂ ಜೊತೆಗೇ ಬಂತು.

ತಂದೆಯ ತಲೆಯೂ ಆಗ ನೆಟ್ಟಗಿರಲಿಲ್ಲ. 1736ರ ಆಗಸ್ಟ್‌ನಿಂದ ಶಾಲೆಯ ಮುಖ್ಯಸ್ಥನ ಜೊತೆ ದೊಡ್ಡ ಜಗಳ. ಹುಡುಗರ ಗಾಯನ ತಂಡಕ್ಕೆ ನಾಯಕನನ್ನು ನೇಮಿಸುವ ಅಧಿಕಾರ ಯಾರದು ಅನ್ನುವ ವಿಷಯ. ದೂರಿನ ಮೇಲೆ ದೂರು, ಕೌನ್ಸಿಲ್‌ಗೆ ಅರ್ಜಿ, ಕೊನೆಗೆ ರಾಜನವರೆಗೂ. ಇದು 1738ರವರೆಗೆ ಎಳೆಯಿತು. ಮಗನ ಮೇಲೆ ಕಣ್ಣಿಡಬೇಕಾಗಿದ್ದ ಹದಿನೆಂಟು ತಿಂಗಳು ಇದರಲ್ಲೇ ಕಳೆದವು.

ಮೂರನೇ ತೀರ್ಮಾನ: ಸಾಲ ತೀರಿಸಿ ಬರುವುದು

1737ರಲ್ಲಿ ತಂದೆ ಖುದ್ದಾಗಿ ಸಾಂಗರ್‌ಹೌಸೆನ್‌ಗೆ ಹೋದ. ಮಗನ ಊಟದ ಬಾಕಿ ಕೊಟ್ಟ. ಮ್ಯೂಲ್‌ಹೌಸೆನ್‌ನ ಹುಂಡಿ ತೀರಿಸಿದ. ಇನ್ನೂ ಚಿಲ್ಲರೆ ಸಾಲಗಳಿಗೆ ಅಂತ ಕೆಲವು ಡುಕಾಟ್ ಚಿನ್ನದ ನಾಣ್ಯ ಬಿಟ್ಟು ಬಂದ. ಇನ್ನಾದರೂ ಬೇರೆ ಥರ ಬದುಕುತ್ತಾನೆ ಅಂತ ನಂಬಿದ್ದೆ ಅಂತ ಅವನೇ ಬರೆದಿದ್ದಾನೆ.

ದುಡ್ಡು ಸುಮ್ನೆ ಎಸೆಯುವ ಮನುಷ್ಯ ಅಲ್ಲ ಅವನು. ಒಂದು ಉದಾಹರಣೆ ಕೊಟ್ಟರೆ ಸಾಕು. 1748ರಲ್ಲಿ ನೆಂಟನೊಬ್ಬ ಪ್ರೀತಿಯಿಂದ ಒಂದು ಪೀಪಾಯಿ ವೈನ್ ಕಳಿಸಿದ. ದಾರಿಯಲ್ಲಿ ಒಂದಷ್ಟು ಸೋರಿತ್ತು. ತಂದೆ ಥ್ಯಾಂಕ್ಸ್ ಹೇಳಿ, ಅದೇ ಪತ್ರದಲ್ಲಿ ಸಾಗಣೆ, ಸುಂಕ, ತಪಾಸಣೆ ಒಂದೊಂದಕ್ಕೂ ಎಷ್ಟಾಯಿತು ಅಂತ ಗ್ರೋಶನ್ (ಥಾಲರ್‌ಗಿಂತ ಸಣ್ಣ ಚಿಲ್ಲರೆ ನಾಣ್ಯ) ಲೆಕ್ಕದಲ್ಲಿ ಪಟ್ಟಿ ಕೊಟ್ಟ. ಒಂದೊಂದು ಅಳತೆಗೆ ಸುಮಾರು 5 ಗ್ರೋಶನ್ ಬಿತ್ತು, ಉಡುಗೊರೆಗೆ ಇದು ದುಬಾರಿ, ದಯವಿಟ್ಟು ಇನ್ನು ಕಳಿಸಬೇಡಿ! ಇಷ್ಟು ಲೆಕ್ಕದ ಮನುಷ್ಯ ಹುಂಡಿ ತೀರಿಸಿ, ಮೇಲೆ ಚಿನ್ನವನ್ನೂ ಬಿಟ್ಟುಬಂದ ಅಂದರೆ ಮಗ ಅವನಿಗೆ ಎಷ್ಟು ಬೇಕಾಗಿದ್ದ ಅಂತ ಗೊತ್ತಾಗುತ್ತದೆ.

ಆದರೆ ಸಾಲ ತೀರಿಸಿದ್ದು ತಂದೆ. ಚಿನ್ನ ಬಿಟ್ಟದ್ದೂ ತಂದೆ. ಇವೆಲ್ಲದರಲ್ಲಿ ಮಗನ ಪಾಲು ಏನು? ಅವನು ಏನನ್ನಾದರೂ ಒಪ್ಪಿಕೊಂಡನಾ? ಒಂದು ಕಂತಾದರೂ ಅವನ ಸಂಬಳದಿಂದ ಹೋಗಲಿ ಅಂತ ಮಾತಾಯಿತಾ? ತಂದೆಯ ಪತ್ರದಲ್ಲಿ ಅದರ ಸುಳಿವಿಲ್ಲ.

ಏನಾಯಿತು

1738ರ ವಸಂತದಲ್ಲಿ ಮಗ ಹೇಳದೆ ಕೇಳದೆ ಸಾಂಗರ್‌ಹೌಸೆನ್ ಬಿಟ್ಟ. ಹಿಂದೆ ಉಳಿದದ್ದು ಮತ್ತೆ ಸಾಲ.

ಮೇ 24ಕ್ಕೆ ತಂದೆ ಆ ಊರಿನ ಗಣ್ಯರಿಗೆ ಬರೆದ. ಹೋದ ವರ್ಷದಿಂದ ನನ್ನ ದಾರಿ ತಪ್ಪಿದ ಮಗನ ಮುಖ ನೋಡಿಲ್ಲ. ಇಲ್ಲಿ ಅಲ್ಲಿ ಸಾಲ ಮಾಡಿ, ಒಂದಿಷ್ಟೂ ತಿದ್ದಿಕೊಳ್ಳದೆ, ಎಲ್ಲಿದ್ದೇನೆ ಅಂತಲೂ ತಿಳಿಸದೆ ಹೋಗಿದ್ದಾನೆ. ಇನ್ನು ನಾನು ಏನು ಹೇಳಲಿ, ಏನು ಮಾಡಲಿ? ಬುದ್ಧಿಮಾತೂ ನಾಟಲಿಲ್ಲ, ಪ್ರೀತಿಯೂ ನಾಟಲಿಲ್ಲ. ನನ್ನ ಶಿಲುಬೆಯನ್ನು ತಾಳ್ಮೆಯಿಂದ ಹೊರುತ್ತೇನೆ, ಅವನನ್ನು ದೇವರ ಕರುಣೆಗೆ ಬಿಡುತ್ತೇನೆ.

ಇಷ್ಟಕ್ಕೇ ಪತ್ರ ಮುಗಿದಿದ್ದರೆ, ಕೈ ತೊಳೆದುಕೊಂಡ ಅಪ್ಪ ಅನ್ನಬಹುದಿತ್ತು. ಮುಗಿಯುವುದಿಲ್ಲ. ದೇವರಿಗೆ ಬಿಟ್ಟೆ ಅಂದವನೇ ಮುಂದೆ ಕೇಳುತ್ತಾನೆ: ಅವನ ಕೆಲಸವನ್ನು ಸದ್ಯಕ್ಕೆ ಬೇರೆಯವರಿಗೆ ಕೊಡಬೇಡಿ, ಅವನು ಎಲ್ಲಿದ್ದಾನೆ ಅಂತ ಗೊತ್ತಾಗುವವರೆಗೆ ತಡೆಯಿರಿ. ಇಲ್ಲೇ ಇದ್ದು ದಾರಿ ಬದಲಿಸುತ್ತಾನಾ, ಇಲ್ಲಾ ಬೇರೆಲ್ಲಾದರೂ ಅದೃಷ್ಟ ಹುಡುಕುತ್ತಾನಾ, ತಿಳಿಯಬೇಕು. ಇನ್ನೂ ಒಂದು ಸಣ್ಣ ಪ್ರಶ್ನೆ. ನಿಮ್ಮ ಮನೆಯಲ್ಲಿದ್ದ ಅವನ ಚೂರುಪಾರು ಸಾಮಾನು ತೆಗೆದುಕೊಂಡು ಹೋದನಾ, ಅಲ್ಲೇ ಬಿಟ್ಟಿದ್ದಾನಾ?

ನನಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ಕರುಳು ಹಿಂಡುವುದು ಶಿಲುಬೆ ಅಲ್ಲ, ಈ ಸಾಮಾನಿನ ಪ್ರಶ್ನೆ. ಸಾಮಾನು ಬಿಟ್ಟಿದ್ದರೆ ವಾಪಸ್ ಬರಬಹುದು ಅಂತ ತಾನೇ?

ಎರಡು ದಿನ ಬಿಟ್ಟು, ಮೇ 26ಕ್ಕೆ, ಅದೇ ಮನೆಯ ಯಜಮಾನಿಗೆ ಇನ್ನೊಂದು ಪತ್ರ. ಆಕೆ ಬಾಕಿ ಕೇಳಿದ್ದಳು. ಈ ಸಲ ತಂದೆ ತಕ್ಷಣ ದುಡ್ಡು ಕಳಿಸಲಿಲ್ಲ. ಮೊದಲು ನನ್ನ ಮಗನ ಕೈಬರಹ ನೋಡಬೇಕು ಅಂದ. ಸಾಲ ನಿಜ ಅಂತ ಅವನೇ ಬರೆದುಕೊಟ್ಟದ್ದು ಇದ್ದರೆ ತೋರಿಸಿ.

ಆಮೇಲೆ ಎಂಟು ತಿಂಗಳು. 1739ರ ಜನವರಿ 28ಕ್ಕೆ ಮೂರನೆಯವನ ಹೆಸರು ಯೇನಾ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಕಾಣಿಸುತ್ತದೆ. ಓದಲು ಆರಿಸಿಕೊಂಡ ವಿಷಯ ಕಾನೂನು. ಅಣ್ಣಂದಿರಿಬ್ಬರೂ ಓದಿದ್ದು, ಇವನಿಗೆ ತಪ್ಪಿದ್ದು. ಅದೇ ಊರಿನಲ್ಲಿ ಅವರ ಮನೆತನದ ಹಿರಿಯರೊಬ್ಬರು ಆರ್ಗನ್ ನುಡಿಸುತ್ತಿದ್ದರು, ಅಂದರೆ ತೀರಾ ದಿಕ್ಕಿಲ್ಲದ ಜಾಗಕ್ಕೇನೂ ಹೋಗಿರಲಿಲ್ಲ. ನಾಲ್ಕು ತಿಂಗಳಿಗೆ ಜ್ವರ ಬಂತು. 1739ರ ಮೇ 27ಕ್ಕೆ ತೀರಿಕೊಂಡ. 24 ವರ್ಷ. ತಂದೆ ಕೈಬರಹ ಕೇಳಿ ಬರೆದ ದಿನಕ್ಕೆ ಒಂದು ವರ್ಷ, ಒಂದು ದಿನ.

ಇದನ್ನು ಹೇಗೆ ಓದುವುದು

ತಂದೆಯನ್ನು ಬೈಯುವುದು ಸುಲಭ, ಮಗನನ್ನು ಬೈಯುವುದು ಇನ್ನೂ ಸುಲಭ. ಎರಡನೆಯವನೂ ಅದೇ ಮನೆಯಲ್ಲಿ, ಅದೇ ಸಾವುಗಳ ನಡುವೆ ಬೆಳೆದು, ಚೆನ್ನಾಗಿಯೇ ನೆಲೆ ನಿಂತ. ಹಾಗಾಗಿ ಎಲ್ಲವನ್ನೂ ಮನೆಯ ಮೇಲೆ ಹಾಕಲು ಆಗುವುದಿಲ್ಲ. ನಾನು ಹಿಡಿದುಕೊಳ್ಳುವುದು ಒಂದೇ ಎಳೆ, ಕೈಬರಹ.

1733ರಲ್ಲಿ ದೊಡ್ಡವನು ಡ್ರೆಸ್ಡೆನ್ ಕೆಲಸಕ್ಕೆ ಹಾಕಿದ ಅರ್ಜಿ ಉಳಿದಿದೆ. ಕೆಳಗೆ ಮಗನ ಹೆಸರು, ಆದರೆ ಅಕ್ಷರ ಪೂರ್ತಿ ಅಪ್ಪನದು. ಮೂರನೆಯವನ ಎರಡು ಕೆಲಸಕ್ಕೂ ಮಾತಾಡಿದ್ದು ಅಪ್ಪನ ಪತ್ರಗಳೇ. ಕೆಲಸ ಕೇಳುವಾಗ ಅಪ್ಪನ ಕೈ ಸಾಕಾಗಿತ್ತು. ಸಾಲದ ಲೆಕ್ಕ ಬಂದಾಗ ಮಾತ್ರ ಮಗನ ಕೈ ಬೇಕಾಯಿತು. ಅಷ್ಟು ಹೊತ್ತಿಗೆ ಆ ಕೈ ಊರಲ್ಲೇ ಇರಲಿಲ್ಲ.

'ಇಲ್ಲೇ ಇರುತ್ತಾನಾ, ಬೇರೆಲ್ಲಾದರೂ ಹೋಗುತ್ತಾನಾ' ಅನ್ನುವ ಪ್ರಶ್ನೆ ಒಳ್ಳೆಯ ಪ್ರಶ್ನೆ. ಆದರೆ ಆ ಪತ್ರಗಳಲ್ಲಿ ಅದು ಬಂದದ್ದು ಮೂರು ವರ್ಷ ತಡವಾಗಿ, ಅದೂ ಮಗನ ಹತ್ತಿರ ಅಲ್ಲ, ಹೊರಗಿನವರ ಹತ್ತಿರ. ಅದನ್ನು ಕೇಳಬೇಕಾಗಿದ್ದ ಜಾಗ 1737ರ ಸಾಂಗರ್‌ಹೌಸೆನ್. ತಂದೆ ಮಗ ಇಬ್ಬರೂ ಒಂದೇ ಊರಿನಲ್ಲಿದ್ದರು, ಹುಂಡಿ ಮುಂದಿತ್ತು, ಚಿನ್ನ ಇನ್ನೂ ಜೇಬಿನಲ್ಲಿತ್ತು. ಅವತ್ತು ಕೇಳಿದ್ದರೆ 'ನನಗೂ ಓದಬೇಕು' ಅಂತ ಹುಡುಗ ಹೇಳುತ್ತಿದ್ದನೋ ಇಲ್ಲವೋ. ಕೇಳಿದ್ದರೆ ಹೇಳಲು ಜಾಗವಾದರೂ ಇರುತ್ತಿತ್ತು.

ಇನ್ನೊಂದು ಮಾತು. ಈ ತಂದೆಯೂ ಹುಡುಗನಾಗಿದ್ದಾಗ ಸಭ್ಯ ನೌಕರನೇನೂ ಆಗಿರಲಿಲ್ಲ. ಆರ್ನ್‌ಸ್ಟಾಟ್‌ನಲ್ಲಿ ನಾಲ್ಕು ವಾರ ರಜೆ ಹಾಕಿ ಲ್ಯೂಬೆಕ್‌ಗೆ ಹೋದವನು ಸುಮಾರು ನಾಲ್ಕು ತಿಂಗಳು ಬಿಟ್ಟು ಬಂದು ಬೈಸಿಕೊಂಡ. ವೈಮಾರ್ ಬಿಡುತ್ತೇನೆ ಅಂತ ಹಟ ಹಿಡಿದು 1717ರಲ್ಲಿ ಸುಮಾರು ನಾಲ್ಕು ವಾರ ಜೈಲಿನಲ್ಲಿ ಕೂತ. ಆ ಕತೆಗಳನ್ನು ಮಗನಿಗೆ ಯಾವತ್ತಾದರೂ ಹೇಳಿದ್ದನಾ ಅಂತ ಯೋಚಿಸುತ್ತೇನೆ. ಅಪ್ಪನೂ ಎಡವಿದ್ದ ಅಂತ ಗೊತ್ತಿರುವ ಮಗ ಊರು ಬಿಡುವ ಮೊದಲು ಒಂದು ಕಾಗದ ಬರೆಯುತ್ತಾನೆ ಅಂತ ನನಗೆ ಅನಿಸುತ್ತದೆ.

ದೊಡ್ಡವನ ಕತೆಯೂ ಸುಖಾಂತ ಅಲ್ಲ. 1764ರಲ್ಲಿ ಕೈಯಲ್ಲಿ ಬೇರೆ ಕೆಲಸ ಇಲ್ಲದೆ ಹಾಲೆ ಊರಿನ ಕೆಲಸ ಬಿಟ್ಟ, 1784ರಲ್ಲಿ ಬರ್ಲಿನ್‌ನಲ್ಲಿ ಬಡತನದಲ್ಲಿ ತೀರಿಕೊಂಡ. ಎಲ್ಲರಿಗಿಂತ ಕಿರಿಯ ಮಗನ ದಾರಿ ಬೇರೆಯಾಯಿತು. 1750ರಲ್ಲಿ ತಂದೆ ಹೋದಾಗ ಅವನಿಗೆ 14, ಶಿಫಾರಸು ಪತ್ರ ಬರೆಯಲು ಯಾರೂ ಇರಲಿಲ್ಲ. ಬರ್ಲಿನ್‌ನಲ್ಲಿದ್ದ ಎರಡನೇ ಅಣ್ಣ ಮನೆಗೆ ಕರೆದುಕೊಂಡು ಹೋಗಿ ಸಾಕಿದ, ಕಲಿಸಿದ. ಇಪ್ಪತ್ತರ ಆಸುಪಾಸಿನಲ್ಲಿ ಹುಡುಗ ಇಟಲಿಗೆ ಹೊರಟುಹೋದ. ಮನೆಯವರ ಪಂಥ ಬಿಟ್ಟು ಕ್ಯಾಥೊಲಿಕ್ ಆದ, ಮನೆಯಲ್ಲಿ ಯಾರೂ ಬರೆಯದ ಒಪೆರಾ ಬರೆದ. ತಮಾಷೆ ಏನೆಂದರೆ, ಸುತ್ತಿ ಬಳಸಿ ಅವನೂ 1760ರಲ್ಲಿ ಮಿಲಾನ್ ಕೆಥೆಡ್ರಲ್‌ನಲ್ಲಿ ಆರ್ಗನ್ ಮುಂದೆಯೇ ಬಂದು ಕೂತ. ಎರಡು ವರ್ಷಕ್ಕೆ ಅದನ್ನೂ ಬಿಟ್ಟು ಲಂಡನ್ ಸೇರಿದ.